ರೋಗಿಯ ಕಿರ್ದಿಯೂ ಗಡಿ ದಾಟಲಿ

ಗಡಿಯ ಮಾತು ಬಂತೆಂದರೆ ನಮ್ಮಲ್ಲಿ ಎರಡು-ಮೂರು ವಿಷಯಗಳಷ್ಟೇ ಮುಂದೆ ಬರುತ್ತವೆ. ಒಂದು ಭಾಷೆ, ಇನ್ನೊಂದು ಮಹದಾಯಿ ನೀರು, ಮತ್ತೊಂದು ಬಸ್ಸು-ಲಾರಿಗಳ ತಕರಾರು. ಪುಢಾರಿಗಳ ಭಾಷಣಕ್ಕೆ ಇಷ್ಟು ಸಾಕು. ಆದರೆ ದಿನ ಬೆಳಗಾದರೆ ಗಡಿ ದಾಟುವವರು ಬೇರೆಯೇ ಜನ. ತರಕಾರಿ ಲಾರಿಯವರು, ಕಾರ್ಖಾನೆಯ ಕೂಲಿಯವರು, ನಮ್ಮಂಥ ಸಣ್ಣ ವ್ಯಾಪಾರಸ್ಥರು, ಮತ್ತು ರೋಗಿಗಳು. ಮೊದಲಿನ ಮೂವರ ಬಗ್ಗೆ ಅಷ್ಟಿಷ್ಟು ಬರೆದವರಿದ್ದಾರೆ. ರೋಗಿಯ ಬಗ್ಗೆ ಬರೆದವರು ಕಡಿಮೆ. ಆದ್ದರಿಂದ ಈ ನಾಲ್ಕು ಮಾತು.

ನಾನು ಡಾಕ್ಟರನಲ್ಲ, ಅರ್ಥಶಾಸ್ತ್ರ ಓದಿದವನೂ ಅಲ್ಲ. ಬೆಳಗಾವಿ ಕಡೆಯಿಂದ ಬಂದು ಕುಂಡಯಿಯಲ್ಲಿ ಕಿರಾಣಿ ವ್ಯಾಪಾರ ಮಾಡಿಕೊಂಡಿರುವವನು. ನನಗೆ ಬರುವ ವಿದ್ಯೆ ಒಂದೇ: ರೋಜಕಿರ್ದಿ ಬರೆಯುವುದು, ಅದನ್ನು ಖಾತೆಗೆ ಏರಿಸುವುದು, ವರ್ಷದ ಕೊನೆಗೆ ತಾಳೆ ನೋಡುವುದು. ದೊಡ್ಡ ದೊಡ್ಡ ಪಂಡಿತರು 'ಆರೋಗ್ಯ ಅರ್ಥಶಾಸ್ತ್ರ' ಎಂದು ಕರೆಯುವ ವಿದ್ಯೆಯ ತಿರುಳು ಇದೇ ಎಂಬುದು ನನಗೆ ತಡವಾಗಿ ತಿಳಿಯಿತು. ತಿಳಿದ ಮೇಲೆ, ನಮ್ಮ ಗಡಿಯ ರೋಗಿಗೆ ಈ ವಿದ್ಯೆ ಎಷ್ಟು ಬೇಕಾಗಿದೆ ಎಂಬುದೂ ಕಣ್ಣಿಗೆ ಬಿತ್ತು.

ಕುಂಡಯಿ ಎಂಬ ನಡುಮನೆ

ಕುಂಡಯಿ ಎಂದರೆ ನಮ್ಮ ಕಡೆಯ ಬಹಳ ಮಂದಿಗೆ ದೇವರ ಊರು. ನವದುರ್ಗೆಯ ಗುಡಿ ಇದೆ, ತಪೋಭೂಮಿ ಇದೆ, ಪಕ್ಕದಲ್ಲೇ ಮಾರ್ದೋಳ, ಮಂಗೇಶಿ. ಆದರೆ ಗುಡ್ಡದ ಮೇಲಿನ ಔದ್ಯೋಗಿಕ ವಸಾಹತು ಇನ್ನೊಂದು ಕುಂಡಯಿ. ಬೆಳಿಗ್ಗೆ ಎಂಟಕ್ಕೆ ಅಲ್ಲಿನ ಚಹಾದಂಗಡಿಯ ಮುಂದೆ ನಿಂತರೆ ಕೊಂಕಣಿ, ಹಿಂದಿಯ ನಡುವೆ 'ಬಾರೋ ಯಪ್ಪಾ', 'ಯಾಕಲೇ ಲೇಟು' ಎಂಬ ಮಾತು ಕಿವಿಗೆ ಬೀಳದೆ ಇರುವುದಿಲ್ಲ. ಗದಗ, ಬಾಗಲಕೋಟೆ, ಹಾವೇರಿ, ಕೊಪ್ಪಳ, ವಿಜಯಪುರ, ನಮ್ಮ ಉತ್ತರ ಕರ್ನಾಟಕದ ಅರ್ಧ ನಕಾಶೆಯೇ ಅಲ್ಲಿ ಪಾಳಿಗೆ ನಿಂತಿರುತ್ತದೆ.

ಈ ಜನಕ್ಕೆ ಜಡ್ಡಾದರೆ ದಾರಿ ಮೂರು. ಹತ್ತಿರ ಫೋಂಡಾದ ಸರಕಾರಿ ದವಾಖಾನೆ. ದೊಡ್ಡ ಬೇನೆಯಾದರೆ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು. ಎರಡೂ ಆಗದಿದ್ದರೆ ರಾತ್ರಿ ಬಸ್ಸು ಹತ್ತಿ ಊರು, ಅಲ್ಲಿಂದ ಹುಬ್ಬಳ್ಳಿ ಇಲ್ಲವೇ ಬೆಳಗಾವಿ. ಬಾಂಬೋಳಿಯ ಕಾಲೇಜಿನ ಬೇರು 1842ರ ಪೋರ್ತುಗೀಜರ ವೈದ್ಯಕೀಯ ಶಾಲೆಯಲ್ಲಿದೆ. ಕಾರವಾರ, ಜೋಯಿಡಾ, ಖಾನಾಪುರ ಕಡೆಯ ಎಷ್ಟೋ ಮನೆಗಳಲ್ಲಿ 'ಗೋವಾಕ್ಕ ಒಯ್ದ್ರು' ಎಂದರೆ ರೋಗಿಯ ಸ್ಥಿತಿ ಗಂಭೀರ ಎಂದೇ ಅರ್ಥ. ಕಾರವಾರದಲ್ಲಿ 2016ರಿಂದ ಸರಕಾರಿ ವೈದ್ಯಕೀಯ ಕಾಲೇಜು ನಡೆಯುತ್ತಿದ್ದರೂ ಆ ಮಾತು ನಿಂತಿಲ್ಲ. ಉತ್ತರ ಕನ್ನಡದವರಿಗೆ ಗೋವಾ, ಮಣಿಪಾಲ, ಹುಬ್ಬಳ್ಳಿ ಎಂಬ ಮೂರು ದಿಕ್ಕು. ಮೂರೂ ದೂರ. 2022ರ ಜುಲೈನಲ್ಲಿ ಶಿರೂರು ಟೋಲ್ ನಾಕೆಯಲ್ಲಿ ರೋಗಿಯನ್ನು ಹೊತ್ತ ಆಂಬುಲೆನ್ಸ್ ಮಗುಚಿ ನಾಲ್ವರು ಸತ್ತದ್ದನ್ನು ಯಾರೂ ಮರೆತಿರಲಿಕ್ಕಿಲ್ಲ.

ಇಲ್ಲಿ ಒಂದು ಗೋಡೆಯೂ ಇದೆ. ಗೋವಾ ಸರಕಾರ 2016ರಲ್ಲಿ ದೀನದಯಾಳ ಸ್ವಾಸ್ಥ್ಯ ಸೇವಾ ಯೋಜನೆ ತಂದಿತು. ಮೂವರವರೆಗಿನ ಕುಟುಂಬಕ್ಕೆ ವರ್ಷಕ್ಕೆ 2.5 ಲಕ್ಷ, ನಾಲ್ವರು ಅಥವಾ ಹೆಚ್ಚಿದ್ದರೆ 4 ಲಕ್ಷ ರೂಪಾಯಿವರೆಗೆ ಆಸರೆ. ಒಳ್ಳೆಯ ಯೋಜನೆ. ಆದರೆ ಗೋವೆಯಲ್ಲಿ ಐದು ವರ್ಷ ವಾಸ ಮಾಡಿದ್ದಕ್ಕೆ ಕಾಗದ ಬೇಕು. ಬಾಡಿಗೆ ಖೋಲಿಯಿಂದ ಬಾಡಿಗೆ ಖೋಲಿಗೆ ಹೋಗುವ ಕೂಲಿಯವನು ಹತ್ತು ವರ್ಷ ಇದ್ದರೂ ಕಾಗದ ಎಲ್ಲಿಂದ ತಂದಾನು? 2018ರ ಜನವರಿಯಿಂದ ಸರಕಾರಿ ದವಾಖಾನೆಗಳಲ್ಲಿ ಹೊರಗಿನವರಿಗೆ ಶುಲ್ಕವನ್ನೂ ಹಾಕಿದರು. ಆಗ ದೋಡಾಮಾರ್ಗ ಕಡೆಯ ಮಹಾರಾಷ್ಟ್ರದ ಜನ ಚಳವಳಿ ಹೂಡಿದರು. ನಮ್ಮ ಕಡೆಯಿಂದ ಅಂಥ ದನಿ ಏಳಲಿಲ್ಲ.

ಗೋವೆಯವರನ್ನು ಬೈಯಲು ನಾನು ಕೂತಿಲ್ಲ. ಅವರ ತೆರಿಗೆ, ಅವರ ದವಾಖಾನೆ, ಹಾಸಿಗೆ ಅವರದೇ ಜನಕ್ಕೆ ಸಾಲುತ್ತಿಲ್ಲ ಎಂಬ ಅವರ ಅಳಲಿನಲ್ಲೂ ನಿಜವಿದೆ. ನಾವೂ ಸಾಚಾ ಅಲ್ಲ. 2020ರ ಮಾರ್ಚ್‌ನಲ್ಲಿ ಕೊರೋನಾ ಬಂದಾಗ ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಸುರಿದು ಕಾಸರಗೋಡಿನ ರೋಗಿಗಳನ್ನು ಮಂಗಳೂರಿಗೆ ಬಿಡದವರು ನಮ್ಮ ಸರಕಾರದವರೇ. ಅದರಲ್ಲಿ ಕನ್ನಡ ಮಾತಾಡುವ ರೋಗಿಗಳೂ ಇದ್ದರು. ಪ್ರಶ್ನೆ ಕೋರ್ಟಿನವರೆಗೆ ಹೋಗಬೇಕಾಯಿತು. ಇನ್ನು ಮಹಾರಾಷ್ಟ್ರ ತಾನು ಹಕ್ಕು ಹೇಳುವ 865 ಊರುಗಳಿಗೆ ತನ್ನ ಆರೋಗ್ಯ ವಿಮೆ ಕೊಡಹೋದಾಗ, 2024ರ ಜನವರಿಯಲ್ಲಿ ಕರ್ನಾಟಕ ಅದನ್ನು ವಿರೋಧಿಸಿತು. ರಾಜ್ಯಗಳ ವಾದ ರಾಜ್ಯಗಳಿಗೆ ಇರಲಿ. ಅದರ ನಡುವೆ ರೋಗಿಯ ಲೆಕ್ಕ ಇಟ್ಟವರು ಯಾರು ಎಂಬುದು ನನ್ನ ಪ್ರಶ್ನೆ.

ಸೊನ್ನೆ ಎಂದು ಬರೆದ ಖರ್ಚು

ಸರಕಾರದ ಕಾಗದದಲ್ಲಿ 'ಉಚಿತ ಚಿಕಿತ್ಸೆ' ಎಂದಿದ್ದರೆ ರೋಗಿಯ ಖರ್ಚು ಸೊನ್ನೆ. ವ್ಯಾಪಾರಸ್ಥರೇ, ನೀವೇ ಹೇಳ್ರಿ, ಇದು ಖರೆ ಲೆಕ್ಕವೇ? ಒಬ್ಬ ಕೂಲಿಯವನ ದಿನದ ಪಗಾರ 600 ರೂಪಾಯಿ ಎಂದು ಹಿಡಿಯಿರಿ. ಜೊತೆಗೆ ಹೋಗುವ ತಮ್ಮನದೂ 600. ಇಬ್ಬರ ಬಸ್ಸಿಗೆ 400, ಊಟ-ಚಹಾಕ್ಕೆ 200. ಮಾತ್ರೆ ಪುಕ್ಕಟೆ ಸಿಕ್ಕರೂ ಒಂದು ಫೇರಿಗೆ 1,800 ಆಯಿತು. 'ಹಿಂದಿನ ರಿಪೋರ್ಟ್ ತಂದಿಲ್ಲ, ಮತ್ತೆ ರಕ್ತ ಕೊಡು, ನಾಡಿದ್ದು ಬಾ' ಎಂದು ಮೂರು ಸಲ ಹೆಚ್ಚಿಗೆ ಓಡಾಡಿಸಿದರೆ 5,400. ಇದು ಯಾವ ಇಲಾಖೆಯ ಖಾತೆಯಲ್ಲೂ ಏರುವುದಿಲ್ಲ. ಏರುವುದು ಸಾಲ ಕೊಟ್ಟ ಸಾವಕಾರನ ವಹಿಯಲ್ಲಿ, ಹೆಂಡತಿಯ ಕಿವಿಯ ಬೆಂಡೋಲೆ ಇಟ್ಟ ಅಂಗಡಿಯ ಚೀಟಿಯಲ್ಲಿ.

ಆರೋಗ್ಯ ಅರ್ಥಶಾಸ್ತ್ರ ಎಂದರೆ ಇಷ್ಟೇ ನೋಡ್ರಿ. ಒಂದು ರೂಪಾಯಿ ಹೋದರೆ ಯಾರ ಕಿಸೆಯಿಂದ ಹೋಯಿತು, ಬದಲಿಗೆ ರೋಗಿಗೆ ಏನು ಬಂತು, ಅದೇ ರೂಪಾಯಿಯನ್ನು ಬೇರೆ ಕಡೆ ಹಾಕಿದ್ದರೆ ಇನ್ನೂ ಹೆಚ್ಚು ಬರುತ್ತಿತ್ತೇ ಎಂದು ಕೇಳುವುದು. 'ಬಂದದ್ದು' ಎಂದರೆ ದುಡ್ಡಲ್ಲ. ನೋವಿಲ್ಲದೆ, ಕೈಕಾಲು ಆಡುತ್ತ ಬದುಕಿದ ವರ್ಷ. ತಜ್ಞರು ಅದನ್ನೇ ಅಳತೆಗೋಲು ಮಾಡಿಕೊಂಡಿದ್ದಾರೆ.

ಇನ್ನು 'ವಾಸ್ತವ ಜಗತ್ತಿನ ದತ್ತಾಂಶ' ಎಂಬ ಮಾತು. ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೀಜದ ಕಂಪನಿಯವರು ತಮ್ಮ ಪ್ರಾತ್ಯಕ್ಷಿಕೆಯ ತಾಕಿನಲ್ಲಿ ಒಳ್ಳೆಯ ಮಣ್ಣು ಹಾಕಿ, ಹೊತ್ತಿಗೆ ಸರಿಯಾಗಿ ನೀರು ಬಿಟ್ಟು ಎಕರೆಗೆ ಇಷ್ಟು ಚೀಲ ಎಂದು ತೋರಿಸುತ್ತಾರೆ. ಅದು ಸುಳ್ಳಲ್ಲ. ಆದರೆ ನಮ್ಮ ಹೊಲದಲ್ಲಿ, ನಮ್ಮ ಮಳೆಯಲ್ಲಿ, ಕರೆಂಟು ಹೋಗಿ ಬರುವಾಗ ಎಷ್ಟು ಬಂತು? ಅದನ್ನು ಹತ್ತು ಊರಿನವರು ಮೂರು ವರ್ಷ ಬರೆದಿಟ್ಟರೆ ಗೊತ್ತಾಗುತ್ತದೆ. ಔಷಧಿಯ ಮಾತೂ ಹಾಗೆಯೇ. ಪರೀಕ್ಷೆಯ ಕಾಲಕ್ಕೆ ಆಯ್ದ ರೋಗಿಗಳಿಗೆ, ಡಾಕ್ಟರರ ಕಣ್ಣೆದುರಿಗೆ ಕೊಟ್ಟು ನೋಡಿರುತ್ತಾರೆ. ಕುಂಡಯಿಯ ರಾತ್ರಿ ಪಾಳಿಯವನು ಅದನ್ನು ಹೊತ್ತಿಗೆ ಸರಿಯಾಗಿ ನುಂಗಿದನೇ, ನುಂಗಿದ ಮೇಲೆ ಗುಣವಾಯಿತೇ ಎಂಬುದು ದವಾಖಾನೆಯ ದಿನದ ಕಿರ್ದಿಯಲ್ಲಿ ಮಾತ್ರ ಸಿಗುತ್ತದೆ.

ಗಡಿಯನ್ನೇ ತಕ್ಕಡಿ ಮಾಡಿದವರು

ಇಂಥ ಕಿರ್ದಿಯಿಂದ ಏನು ಗೊತ್ತಾದೀತು ಎನ್ನುವವರಿಗೆ ನಮ್ಮದೇ ರಾಜ್ಯದ ಒಂದು ಉದಾಹರಣೆ ಇದೆ. 2010ರಲ್ಲಿ ಕರ್ನಾಟಕ ಸರಕಾರ ಬಡತನ ರೇಖೆಯ ಕೆಳಗಿನವರಿಗೆ ವಾಜಪೇಯಿ ಆರೋಗ್ಯಶ್ರೀ ಯೋಜನೆ ತಂದಿತು. ಹೃದಯ, ಕ್ಯಾನ್ಸರ್, ಮೂತ್ರಪಿಂಡ, ಸುಟ್ಟಗಾಯದಂಥ ದೊಡ್ಡ ಬೇನೆಗಳಿಗೆ ಕುಟುಂಬಕ್ಕೆ 1.5 ಲಕ್ಷ ರೂಪಾಯಿವರೆಗೆ ನೆರವು, ಕಂತು ಕಟ್ಟುವ ಗೊಡವೆ ಇಲ್ಲ. ಇಡೀ ರಾಜ್ಯಕ್ಕೆ ಒಮ್ಮೆಲೇ ಬರಲಿಲ್ಲ, ಮೊದಲು ಉತ್ತರದ ಜಿಲ್ಲೆಗಳಿಗೆ ಬಂತು. ಬೆಂಗಳೂರಿನ ಐಐಎಂನ ಅರ್ಣಬ್ ಮುಖರ್ಜಿ ಮತ್ತು ಅಮೆರಿಕದ ನೀರಜ್ ಸೂದ್ ಮೊದಲಾದವರು ಇದನ್ನೇ ಹಿಡಿದರು. ಯೋಜನೆ ಬಂದ ಜಿಲ್ಲೆ ಮತ್ತು ಬಾರದ ಜಿಲ್ಲೆಗಳ ಗಡಿಗುಂಟ ಅತ್ತ 300 ಹಳ್ಳಿ, ಇತ್ತ 272 ಹಳ್ಳಿ ಆರಿಸಿದರು. ಅದೇ ಮಣ್ಣು, ಅದೇ ಜೋಳ, ಅದೇ ಬಡತನ. ನಡುವೆ ಬರೀ ಒಂದು ಆಡಳಿತದ ಗೆರೆ. ಎರಡೂ ಕಡೆ ಸೇರಿ 60,109 ಮನೆಗಳಿಗೆ ಹೋಗಿ ಕೇಳಿದರು.

ಬಂದ ಲೆಕ್ಕ ನೋಡಿ. ಯೋಜನೆಯ ವ್ಯಾಪ್ತಿಯ ಬೇನೆಗಳಿಂದ ಬಡವರಲ್ಲಿ ಸತ್ತವರು, ಯೋಜನೆ ಇಲ್ಲದ ಹಳ್ಳಿಗಳಲ್ಲಿ ಶೇಕಡಾ 0.90, ಇದ್ದ ಹಳ್ಳಿಗಳಲ್ಲಿ ಶೇಕಡಾ 0.32. ಎಂದರೆ ಸಾವಿರಕ್ಕೆ 9 ಇದ್ದದ್ದು 3ರ ಆಸುಪಾಸಿಗೆ ಇಳಿಯಿತು. ದೊಡ್ಡ ಆಸ್ಪತ್ರೆಗೆ ಸೇರಿದಾಗ ಕಿಸೆಯಿಂದ ಹೋಗುವ ಖರ್ಚು ಶೇಕಡಾ 34ರಷ್ಟು ತಗ್ಗಿತು. ಯೋಜನೆಗೆ ಅರ್ಹರಲ್ಲದ, ಬಡತನ ರೇಖೆಯ ಮೇಲಿನ ಮನೆಗಳಲ್ಲಿ ಎರಡೂ ಕಡೆ ಇಂಥ ವ್ಯತ್ಯಾಸ ಕಾಣಲಿಲ್ಲ. ಈ ಕೊನೆಯ ಮಾತೇ ಮುಖ್ಯ. ಮಳೆ-ಬೆಳೆ ಚೆನ್ನಾಗಿದ್ದದ್ದೇ ಕಾರಣವಾಗಿದ್ದರೆ ಇದ್ದವರ ಮನೆಯಲ್ಲೂ ಸಾವು ಇಳಿಯಬೇಕಿತ್ತಲ್ಲ? 2014ರಲ್ಲಿ ಈ ಲೆಕ್ಕ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆಯಲ್ಲಿ ಅಚ್ಚಾಯಿತು. ಗಡಿ ಎಂಬುದು ಜಗಳಕ್ಕಷ್ಟೇ ಅಲ್ಲ, ಸತ್ಯ ತೂಗುವುದಕ್ಕೂ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಗೋವೆಯಲ್ಲಿ ನಡೆದದ್ದೂ ಕಡಿಮೆಯದಲ್ಲ. ಅಲ್ಲಿನ ಸಂಗಾತ್ ಸಂಸ್ಥೆ, ಡಾ. ವಿಕ್ರಮ್ ಪಟೇಲ್ ಮೊದಲಾದವರು 24 ದವಾಖಾನೆಗಳಲ್ಲಿ ಮಾನಸ್ ಎಂಬ ಪ್ರಯೋಗ ನಡೆಸಿದರು. ಮನಸ್ಸಿಗೆ ಕುಗ್ಗು, ಅಂಜಿಕೆ ಹಿಡಿದವರಿಗೆ ಡಾಕ್ಟರರ ಜೊತೆ ತರಬೇತಿ ಪಡೆದ ಸಾಮಾನ್ಯ ಹೆಣ್ಣುಮಕ್ಕಳು ಕೂತು ಮಾತಾಡಿ, ಬೆನ್ನು ಹತ್ತಿ ವಿಚಾರಿಸಿದರು. ಸರಕಾರಿ ದವಾಖಾನೆಗಳಲ್ಲಿ ಆರು ತಿಂಗಳಿಗೆ ನೂರರಲ್ಲಿ 66 ಜನ ಚೇತರಿಸಿಕೊಂಡರು. ಈ ವ್ಯವಸ್ಥೆ ಇಲ್ಲದ ಕಡೆ 42ರ ಸುಮಾರು. ಖಾಸಗಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ, ಅದನ್ನೂ ಅವರು ಮುಚ್ಚಿಡಲಿಲ್ಲ. 2010ರಲ್ಲಿ ಇದು ಪ್ರಕಟವಾಯಿತು. 2012ರಲ್ಲಿ ಖರ್ಚಿನ ತಾಳೆ ಹಾಕಿದಾಗ, ಸರಕಾರಿ ದವಾಖಾನೆಗಳಲ್ಲಿ ಆ ಹೆಣ್ಣುಮಕ್ಕಳ ಪಗಾರ ಸೇರಿಸಿದರೂ ಒಟ್ಟು ಖರ್ಚು ಉಳಿತಾಯವೇ ಆಗಿತ್ತು. ಎಷ್ಟು ಮಂದಿ ನಮ್ಮ ಹುಡುಗರು ಊರು ಬಿಟ್ಟು ಬಂದು ಮನಸ್ಸು ಕೆಟ್ಟು ಬಾಟಲಿ ಹಿಡಿದಿದ್ದಾರೆ! ಅವರಿಗೆ ಬೇಕಾಗಿರುವುದು ಇಂಥದೇ ಒಬ್ಬಳು ಅಕ್ಕ. ಆದರೆ ಆಕೆ ಕನ್ನಡದಲ್ಲಿ ಮಾತಾಡಬೇಕು.

ಅಗ್ಗ ಎಂದರೆ ಕಳಪೆ ಎನ್ನುವವರಿಗೆ ಇನ್ನೊಂದು ಮಾತು. ಕೇಂದ್ರ ಸರಕಾರದ ಆರೋಗ್ಯ ಸಂಶೋಧನಾ ಇಲಾಖೆ 2017ರಿಂದ ಚಿಕಿತ್ಸೆಗಳ ಬೆಲೆ-ಫಲ ತೂಗುವ ವ್ಯವಸ್ಥೆ ಮಾಡಿದೆ. ಮೊದಮೊದಲು ತೂಗಿದ್ದರಲ್ಲಿ ಕಣ್ಣಿನ ಪೊರೆಯ ಮಸೂರ ಒಂದು. ದುಬಾರಿ ಯಂತ್ರ, ಮಡಚುವ ಮಸೂರ ಎಂದು ಜಾಹೀರಾತು ಎಷ್ಟೇ ಇರಲಿ, ಕೊಟ್ಟ ದುಡ್ಡಿಗೆ ಹೆಚ್ಚು ಫಲ ಕೊಡುವುದು ಸಣ್ಣ ಕೊಯ್ತದ ಕೈಶಸ್ತ್ರಕ್ರಿಯೆ ಮತ್ತು ಗಟ್ಟಿ ಮಸೂರ ಎಂದು ತೀರ್ಮಾನ ಬಂತು. ಮುಪ್ಪಿನ ತಂದೆ-ತಾಯಿಗೆ ಕಣ್ಣು ಮಾಡಿಸಲು ಎಮ್ಮೆ ಮಾರುವ ರೈತನಿಗೆ ಈ ಒಂದು ವಾಕ್ಯ ಗೊತ್ತಿದ್ದರೆ ಎಮ್ಮೆ ಉಳಿಯುತ್ತದೆ.

ಲೆಕ್ಕವಿಲ್ಲದ ಕಡೆ ಗಾಬರಿ

ಕಿರ್ದಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2025ರಲ್ಲಿ ಹಾಸನದಲ್ಲಿ ನೋಡಿದೆವು. ಜೂನ್-ಜುಲೈನಲ್ಲಿ ಒಬ್ಬರ ಹಿಂದೆ ಒಬ್ಬರು ಹೃದಯಾಘಾತದಿಂದ ಸತ್ತರು ಎಂಬ ಸುದ್ದಿ ಹಬ್ಬಿತು. ಜನ ಗಾಬರಿಯಾಗಿ ಮೈಸೂರಿನ ಜಯದೇವ ಆಸ್ಪತ್ರೆಗೆ ಬೆಳಗಿನ ಜಾವದಿಂದ ಸಾಲು ನಿಂತರು. ಕೊನೆಗೆ ಜಯದೇವ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿ 24 ಸಾವುಗಳ ಕಾಗದ ಪತ್ರ ನೋಡಿತು. ನಾಲ್ಕು ಹೃದಯಕ್ಕೆ ಸಂಬಂಧಿಸಿದವೇ ಅಲ್ಲ. ಉಳಿದವುಗಳಲ್ಲೂ ಎಷ್ಟೋ ಸಾವುಗಳಿಗೆ ಶವಪರೀಕ್ಷೆ ಇಲ್ಲ, ಇಸಿಜಿ ಇಲ್ಲ. ಹೃದಯದ್ದಿರಬಹುದು ಎಂದಷ್ಟೇ ಹೇಳಬೇಕಾಯಿತು. ಅಸಹಜ ಏರಿಕೆ ಕಾಣುತ್ತಿಲ್ಲ ಎಂದು ವರದಿ ಬಂತು. ಅದರ ಜೊತೆಗೇ ಆಟೋ-ಟ್ಯಾಕ್ಸಿ ಚಾಲಕರ ಸಂಖ್ಯೆ ಎದ್ದು ಕಾಣುತ್ತದೆ ಎಂಬ ಕೆಲಸಕ್ಕೆ ಬರುವ ಮಾತೂ ಬಂತು. ಮೊದಲೇ ಸಾವಿನ ಕಾರಣ ಸರಿಯಾಗಿ ಬರೆದಿಡುವ ಪದ್ಧತಿ ಇದ್ದಿದ್ದರೆ ಇಷ್ಟು ಗಾಬರಿ ಆಗುತ್ತಿತ್ತೇ?

ಹೃದಯದ ವಿಷಯದಲ್ಲಿ ನಮ್ಮ ಸರಕಾರ ಒಂದು ಒಳ್ಳೆಯ ಕೆಲಸ ಮಾಡಿದೆ. 2023ರ ನವೆಂಬರ್‌ನಲ್ಲಿ ಶುರುವಾದ ಡಾ. ಪುನೀತ್ ರಾಜಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದಿಂದ ತಜ್ಞರು ನೋಡಿ, ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುಕ್ಕಟೆ ಕೊಡುತ್ತಾರೆ. ಹೊರಗೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಗೋವೆಯಲ್ಲಿ ಅದಕ್ಕೂ ಮೊದಲೇ ಸ್ಟೆಮಿ ಗೋವಾ ಎಂಬ ಹೆಸರಿನಲ್ಲಿ ಇಂಥದೇ ವ್ಯವಸ್ಥೆ ಬಂದಿದೆ. ಎರಡೂ ಕಡೆ ತಳದ ಲೆಕ್ಕ ಒಂದೇ: ಎದೆನೋವು ಬಂದ ಮೇಲೆ ಕಳೆಯುವ ಪ್ರತಿ ಗಂಟೆಗೂ ಹೃದಯದ ಮಾಂಸ ಸಾಯುತ್ತದೆ. ದೂರದ ದೊಡ್ಡ ಆಸ್ಪತ್ರೆಯ ಲಕ್ಷ ರೂಪಾಯಿಯ ಚಿಕಿತ್ಸೆಗಿಂತ ಹತ್ತಿರದ ಇಂಜೆಕ್ಷನ್ನು ಆ ಹೊತ್ತಿಗೆ ಮೇಲು. ಹಾಗಾದರೆ ಈ ಎರಡು ರಾಜ್ಯದ ಡಾಕ್ಟರರು ವರ್ಷಕ್ಕೊಮ್ಮೆ ಒಂದೇ ಮೇಜಿನ ಸುತ್ತ ಕೂತು, ಖಾನಾಪುರದ ರೋಗಿಗೆ ಎಷ್ಟು ಹೊತ್ತು ಹಿಡಿಯಿತು, ಫೋಂಡಾದವನಿಗೆ ಎಷ್ಟು, ಯಾರು ಬದುಕಿದರು ಎಂದು ಯಾಕೆ ತಾಳೆ ನೋಡಬಾರದು?

ಎಲ್ಲಿ ಹರಿಯುತ್ತದೆ ಎಳೆ

ಈಗ ನಾನು ಕಂಡದ್ದು ಹೇಳುತ್ತೇನೆ. ನನ್ನ ಅಂಗಡಿಗೆ ಚೀಲ ಇಳಿಸುವ ಹಮಾಲ ಒಬ್ಬನಿದ್ದಾನೆ. ಧಾರವಾಡ ಜಿಲ್ಲೆಯವನು, ಸಕ್ಕರೆ ಬೇನೆ. ಕಾಲಿಗೆ ಗಾಯವಾಯಿತು. ಇಲ್ಲಿನ ಒಂದು ದವಾಖಾನೆಯಲ್ಲಿ ತೋರಿಸಿದ, ಮಾತ್ರೆ ಕೊಟ್ಟರು. ಜಾತ್ರೆಗೆ ಊರಿಗೆ ಹೋದಾಗ ಅಲ್ಲಿನವರು ಬೇರೆ ಮಾತ್ರೆ ಬರೆದರು. ಎರಡನ್ನೂ ನುಂಗಿ ಒಂದು ದಿನ ತಲೆ ತಿರುಗಿ ಬಿದ್ದ. ಆಮೇಲೆ ಶಹರದ ಒಂದು ಖಾಸಗಿ ಆಸ್ಪತ್ರೆ. ಮೂರೂ ಕಡೆ ಅದೇ ರಕ್ತ ಪರೀಕ್ಷೆ, ಮೂರೂ ಕಡೆ 'ಹಿಂದಿನದು ಏನು ಕೊಟ್ಟಿದ್ದರು?' ಎಂಬ ಪ್ರಶ್ನೆ. 'ಸಾವ್ಕಾರ್ರ, ಕಾಗದ ಮಳಿಯಾಗ ತೋಯ್ದು ಹೋತ್ರಿ' ಎಂದು ನನ್ನ ಮುಂದೆ ಹಲುಬಿದ. ಕೊನೆಗೆ ಎರಡು ಬೆರಳು ತೆಗೆದರು. ಯಾವ ಡಾಕ್ಟರರೂ ತಪ್ಪು ಮಾಡಲಿಲ್ಲ. ಒಬ್ಬೊಬ್ಬರೂ ತಮ್ಮ ಮುಂದಿದ್ದ ಪುಟವನ್ನು ಸರಿಯಾಗಿಯೇ ಓದಿದರು. ಆದರೆ ಪುಸ್ತಕ ಹೊಲಿದವರು ಯಾರೂ ಇಲ್ಲ.

ಇಲ್ಲಿ ಹೆಸರಿನ ತಾಪತ್ರಯವೂ ಇದೆ. ಊರಲ್ಲಿ ಬಸಪ್ಪ, ಕಾರ್ಖಾನೆಯ ಹಾಜರಿಯಲ್ಲಿ ಬಸವರಾಜ, ದವಾಖಾನೆಯ ಚೀಟಿಯಲ್ಲಿ ಇನ್ನೇನೋ. ಕಂಪ್ಯೂಟರಿಗೆ ಇವರು ಮೂರು ಜನ. ಮೂವರಿಗೂ ಅರ್ಧರ್ಧ ಔಷಧಿ, ಒಬ್ಬನಿಗೂ ಪೂರ್ತಿ ಗುಣವಿಲ್ಲ. ಸಕ್ಕರೆ, ರಕ್ತದೊತ್ತಡ, ಕ್ಷಯ ಇವು ಒಂದು ದಿನದ ಬೇನೆಗಳಲ್ಲ. ತಿಂಗಳುಗಟ್ಟಲೆ ಎಳೆ ಹರಿಯದಂತೆ ನೋಡಿಕೊಳ್ಳಬೇಕು. ನಮ್ಮ ಜನ ಸುಗ್ಗಿಗೆ ಊರು, ಮಳೆ ಮುಗಿದ ಮೇಲೆ ಗೋವಾ. ಎಳೆ ಹರಿಯುವುದು ಅಲ್ಲಿಯೇ.

ಇದು ಆಗದ ಕೆಲಸವೇ? ಅಲ್ಲ. ಗೋವೆಯವರೇ ಮಾಡಿ ತೋರಿಸಿದ್ದಾರೆ. ಮಲೇರಿಯಾ ಹಾವಳಿ ಹೆಚ್ಚಾದಾಗ ಹೊರಗಿನಿಂದ ಬಂದ ಕಟ್ಟಡ ಕೂಲಿಯವರ ರಕ್ತ ಪರೀಕ್ಷೆ ಮಾಡಿ ಆರೋಗ್ಯ ಕಾರ್ಡು ಕೊಟ್ಟರು. ಕಾರ್ಡಿಲ್ಲದವರನ್ನು ಕೆಲಸಕ್ಕೆ ಇಟ್ಟುಕೊಂಡ ಗುತ್ತಿಗೆದಾರನಿಗೆ ದಂಡ. ಯಾವ ಕಟ್ಟಡದ ನೀರಿನ ತೊಟ್ಟಿಯ ಹತ್ತಿರ ಎಷ್ಟು ಪ್ರಕರಣ ಎಂಬ ಲೆಕ್ಕ ಕೈಗೆ ಬಂದ ಮೇಲೆ ಎಲ್ಲಿ ಔಷಧಿ ಹಾಕಬೇಕು ಎಂಬುದು ತಿಳಿಯಿತು. ಒಂದು ಕಾಲಕ್ಕೆ ವರ್ಷಕ್ಕೆ ಸಾವಿರಾರು ಇದ್ದ ಮಲೇರಿಯಾ ಪ್ರಕರಣಗಳು ನೂರರ ಲೆಕ್ಕಕ್ಕೆ ಇಳಿದವು. ಕೂಲಿಯವನಿಂದ ಊರಿಗೆ ರೋಗ ಬಾರದಿರಲಿ ಎಂದು ಕಾರ್ಡು ಮಾಡಲು ಬರುತ್ತದೆಂದ ಮೇಲೆ, ಕೂಲಿಯವನ ರೋಗ ಗುಣವಾಗಲಿ ಎಂದು ಮಾಡಲು ಯಾಕೆ ಬರುವುದಿಲ್ಲ?

ಸಾಧನವೂ ಈಗ ಇದೆ. 2021ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರಕಾರ ದೇಶಕ್ಕೆಲ್ಲ ಚಾಲನೆ ಕೊಟ್ಟ ಡಿಜಿಟಲ್ ಆರೋಗ್ಯ ಯೋಜನೆಯಲ್ಲಿ ಪ್ರತಿಯೊಬ್ಬನಿಗೂ 14 ಅಂಕಿಯ ಆಭಾ ಸಂಖ್ಯೆ ಸಿಗುತ್ತದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತದ ಕಾರ್ಡು ಬೇರೆ ರಾಜ್ಯದ ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲೂ ನಡೆಯಬೇಕು ಎಂಬುದು ನಿಯಮ. ದಾರಿ ಹಾಕಿದ್ದಾರೆ. ಆ ದಾರಿಯ ಮೇಲೆ ನಮ್ಮ ಜನರ ಗಾಡಿ ಓಡಿಸುವವರು ಬೇಕು.

ಎದುರು ವಾದಗಳು

ಕೆಲವರು ಕೇಳುತ್ತಾರೆ, 'ಬೇನೆಯ ಗುಟ್ಟು ಮಾಲಕರಿಗೆ ಗೊತ್ತಾದರೆ ಕೆಲಸ ಹೋಗುವುದಿಲ್ಲೇನ್ರೀ?' ಈ ಅಂಜಿಕೆ ಸುಳ್ಳಲ್ಲ. ಕ್ಷಯ ಎಂದು ಗೊತ್ತಾದ ಕೂಡಲೇ ಖೋಲಿ ಖಾಲಿ ಮಾಡಿಸಿದವರನ್ನು ನಾನೇ ಬಲ್ಲೆ. ಆದ್ದರಿಂದ ಕಿರ್ದಿಯ ಕೀಲಿ ರೋಗಿಯ ಕೈಯಲ್ಲಿರಬೇಕು. ಡಾಕ್ಟರನಿಗೆ ಅವನು ಒಪ್ಪಿದರೆ ಮಾತ್ರ ತೆರೆಯಬೇಕು, ಮಾಲಕನಿಗೆ ತೆರೆಯಲೇಬಾರದು. ಲೆಕ್ಕಕ್ಕೆ ಬೇಕಾದ ಅಂಕಿಗಳಿಂದ ಹೆಸರು ತೆಗೆದುಹಾಕಬೇಕು. ಖಾಸಗಿ ಮಾಹಿತಿ ಕಾಯುವ ಕಾಯಿದೆ 2023ರಲ್ಲಿ ಪಾಸಾಗಿದೆ. ಅದು ಕುಂಡಯಿಯ ಖೋಲಿಯವರೆಗೆ ಬರಬೇಕು.

ಇನ್ನೊಂದು ಎಚ್ಚರವೂ ಬೇಕು. ಬಿಲ್ಲು ಮಾತ್ರ ಎಣಿಸುವ ಲೆಕ್ಕ ಅಪಾಯ. ಕಲಬುರಗಿ ಕಡೆಯ ತಾಂಡಾಗಳಲ್ಲಿ ಹೊಟ್ಟೆನೋವು ಎಂದು ಹೋದ ಹೆಣ್ಣುಮಕ್ಕಳಿಗೆ ಕೆಲವು ಖಾಸಗಿ ಆಸ್ಪತ್ರೆಗಳು ಬೇಡದಿದ್ದರೂ ಗರ್ಭಕೋಶ ತೆಗೆದ ಪ್ರಕರಣ 2015ರಲ್ಲಿ ಬಯಲಿಗೆ ಬಂತು. ಬಿಲ್ಲಿನ ಪುಸ್ತಕದಲ್ಲಿ ಅದು 'ಇಷ್ಟು ಶಸ್ತ್ರಕ್ರಿಯೆ ಯಶಸ್ವಿ' ಎಂದೇ ಕಾಣುತ್ತದೆ. ಆ ಹೆಣ್ಣುಮಗಳ ಮುಂದಿನ ಐದು ವರ್ಷದ ಕಿರ್ದಿ ನೋಡಿದರೆ ಮಾತ್ರ ಅನ್ಯಾಯ ಗೊತ್ತಾಗುತ್ತದೆ. ದವಾಖಾನೆ ಎಷ್ಟು ಮಾರಿತು ಎಂದು ಎಣಿಸುವುದು ಬೇರೆ, ರೋಗಿಗೆ ಎಷ್ಟು ಗುಣ ಬಂತು ಎಂದು ಎಣಿಸುವುದು ಬೇರೆ. ನಾನು ಕೇಳುತ್ತಿರುವುದು ಎರಡನೆಯದು.

'ಡಾಕ್ಟರರಿಗೆ ಬರೆಯಲು ಹೊತ್ತೆಲ್ಲಿದೆ?' ಎಂಬುದು ಮೂರನೆಯ ತಕರಾರು. ಖರೆ, ಒಬ್ಬ ಡಾಕ್ಟರ್ ಒಂದು ಸಾಲಿಗೆ ಹತ್ತಾರು ರೋಗಿ ನೋಡಬೇಕಾದಲ್ಲಿ ಅವನಿಗೆ ಇನ್ನೊಂದು ವಹಿ ಕೊಡುವುದು ಅನ್ಯಾಯ. ಆದರೆ ಅಂಗಡಿಯಲ್ಲಿ ತೂಗುವವನೇ ಕಿರ್ದಿ ಬರೆಯಬೇಕೆಂದಿಲ್ಲ. ಅದಕ್ಕೊಬ್ಬ ಗುಮಾಸ್ತ. ಒಂದು ಬೆರಳು ಉಳಿಸಿದ ಖರ್ಚಿನಲ್ಲಿ ಅವನ ಪಗಾರ ಹೊರಡುತ್ತದೆ.

ಆಗಬೇಕಾದದ್ದು

ಒಂದು: ಗೋವಾ ಮತ್ತು ಕರ್ನಾಟಕದ ಆರೋಗ್ಯ ಇಲಾಖೆಗಳು ಗಡಿ ದಾಟುವ ರೋಗಿಗಳ ಬಗ್ಗೆ ಒಡಂಬಡಿಕೆ ಮಾಡಿಕೊಳ್ಳಬೇಕು. ಬಾಂಬೋಳಿಯಲ್ಲಿ ಚಿಕಿತ್ಸೆ ಪಡೆದ ಕರ್ನಾಟಕದವನ ಖರ್ಚನ್ನು ಕರ್ನಾಟಕ ನೇರವಾಗಿ ತುಂಬಿಕೊಡಲಿ. ದುಡ್ಡು ಕೊಟ್ಟ ಮೇಲೆ ಲೆಕ್ಕ ಕೇಳುವ ಹಕ್ಕೂ ಬರುತ್ತದೆ.

ಎರಡು: ಬಿಡುಗಡೆ ಚೀಟಿಯಲ್ಲಿ ಬೇನೆಯ ಹೆಸರು, ಮಾತ್ರೆಯ ಹೆಸರು, ಮತ್ತೆ ಯಾವಾಗ ತೋರಿಸಬೇಕು, ಈ ಮೂರು ಸಾಲು ಕನ್ನಡದಲ್ಲೂ ಇರಲಿ. ಕೊಂಕಣಿ-ಮರಾಠಿಯ ಮೇಲೆ ಸವಾರಿ ಮಾಡಲು ಅಲ್ಲ, ರೋಗಿಗೆ ತಿಳಿಯಲಿ ಎಂದು. ಬೆಳಗಾವಿಯ ದವಾಖಾನೆಗಳಲ್ಲೂ ಮರಾಠಿ, ಕೊಂಕಣಿ ರೋಗಿಗೆ ಇದೇ ಸೌಲಭ್ಯ ನಾವು ಕೊಡಬೇಕು.

ಮೂರು: ಔದ್ಯೋಗಿಕ ವಸಾಹತುಗಳಲ್ಲಿ ಗುತ್ತಿಗೆ ಕೂಲಿಯವರಿಗೆಲ್ಲ ಇಎಸ್‌ಐ ಚೀಟಿ ಸಿಕ್ಕಿದೆಯೇ ಎಂದು ತಪಾಸಣೆ ಆಗಲಿ. ಪಗಾರದಿಂದ ಹಿಡಿಯುತ್ತಾರೆ, ಚೀಟಿ ಕೊಡುವುದಿಲ್ಲ ಎಂಬ ದೂರು ಅಂಗಡಿಯ ಕಟ್ಟೆಯ ಮೇಲೆ ಕೂತರೆ ದಿನಾ ಕಿವಿಗೆ ಬೀಳುತ್ತದೆ.

ನಾಲ್ಕು: ಸಕ್ಕರೆ, ರಕ್ತದೊತ್ತಡ, ಕ್ಷಯ, ಹೃದಯ, ಈ ನಾಲ್ಕಕ್ಕಾದರೂ ಎರಡೂ ರಾಜ್ಯ ಸೇರಿ ವರ್ಷಕ್ಕೊಮ್ಮೆ ಗಡಿ ತಾಲೂಕುಗಳ ಲೆಕ್ಕ ಪ್ರಕಟಿಸಲಿ. ಎಷ್ಟು ಜನ ಬಂದರು, ಎಷ್ಟು ಜನ ನಡುವೆ ಬಿಟ್ಟರು, ಎಷ್ಟು ಜನಕ್ಕೆ ಗುಣವಾಯಿತು, ಅವರ ಕಿಸೆಯಿಂದ ಎಷ್ಟು ಹೋಯಿತು.

ಐದು: ಇದು ನಮಗೆ. ರೈತ ಸಂಘ, ವ್ಯಾಪಾರಿ ಸಂಘ, ಗೋವೆಯ ಕನ್ನಡ ಸಂಘಗಳು ನವೆಂಬರ್ ಬಂದರೆ ಶಾಮಿಯಾನ ಹಾಕುತ್ತವೆ. ಹಾಕಲಿ. ಅದೇ ಶಾಮಿಯಾನದ ಒಂದು ಮೂಲೆಯಲ್ಲಿ ಮೇಜು ಇಟ್ಟು ಆಭಾ ಸಂಖ್ಯೆ ಮಾಡಿಕೊಡಲಿ, ಹೆಸರು ಎಲ್ಲ ಕಾಗದದಲ್ಲೂ ಒಂದೇ ಇದೆಯೇ ನೋಡಿಕೊಡಲಿ, ಹಳೆಯ ಚೀಟಿಗಳ ಫೋಟೋ ಹೊಡೆದು ಫೋನಿನಲ್ಲಿ ಹಾಕಿಕೊಡಲಿ. ಒಂದು ದಿನದ ಕೆಲಸ.

2003ರಲ್ಲಿ ಯಶಸ್ವಿನಿ ಶುರುವಾದಾಗ ನಮ್ಮ ಸಹಕಾರ ಸಂಘಗಳ ರೈತರು ತಿಂಗಳಿಗೆ ಐದು ರೂಪಾಯಿ ಲೆಕ್ಕದಲ್ಲಿ ಕಟ್ಟಿ ದೊಡ್ಡ ಶಸ್ತ್ರಕ್ರಿಯೆ ಮಾಡಿಸಿಕೊಂಡದ್ದನ್ನು ದೇಶವೇ ನೋಡಿತು. ಅದು ನಡುವೆ ನಿಂತು, 2022ರ ಕೊನೆಗೆ ಮತ್ತೆ ಸದಸ್ಯತ್ವ ಶುರುವಾಯಿತು. ರೊಕ್ಕ ಕೂಡಿಸುವ ವಿದ್ಯೆ ನಮಗೆ ಗೊತ್ತಿದೆ. ಇನ್ನು ಫಲದ ಲೆಕ್ಕ ಕೇಳುವ ವಿದ್ಯೆ ಕಲಿಯಬೇಕಾಗಿದೆ.

ಒಂದು ಚೀಲ ಈರುಳ್ಳಿ ಬೆಳಗಾವಿಯಿಂದ ಕುಂಡಯಿಗೆ ಬರುವಾಗ ಅದರ ಜೊತೆ ಬಿಲ್ಲು, ತೂಕದ ಚೀಟಿ, ಗಾಡಿಯ ನಂಬರು ಎಲ್ಲ ಬರುತ್ತವೆ. ದಾರಿಯಲ್ಲಿ ಎಷ್ಟು ಕೊಳೆಯಿತು ಎಂಬುದನ್ನೂ ನಾವು ಬರೆದಿಡುತ್ತೇವೆ. ಅದೇ ರಸ್ತೆಯಲ್ಲಿ ಬರುವ ಮನುಷ್ಯನಿಗೂ ಅಷ್ಟು ಲೆಕ್ಕ ಇಡ್ರಿ ಎಂದು ಎರಡೂ ಸರಕಾರಗಳನ್ನು ಕೇಳುವುದು ದೊಡ್ಡ ಬೇಡಿಕೆ ಅಲ್ಲ. ಮುಂದಿನ ಚುನಾವಣೆಗೆ ಮತ ಕೇಳಲು ಬಂದವರ ಮುಂದೆ, ಅತ್ತ ಆಗಲಿ ಇತ್ತ ಆಗಲಿ, ಈ ಪ್ರಶ್ನೆ ಇಡೋಣ.